ಎರಡು ಸಲ ಬೇಡ ಅಂದವನಿಗೆ

ಜಯನಗರ ಮೂರನೆಯ ಬ್ಲಾಕ್,
ಬೆಂಗಳೂರು
ಮಾರ್ಚ್ ೨೮, ೧೯೬೯

ಚಿರಂಜೀವಿ ಇಸಾಯನಿಗೆ ಚೂಡಾಮಣಿಯಮ್ಮ ಮನಸಾರೆ ಮಾಡುವ ಆಶೀರ್ವಾದ.

ಊರಿನ ಸಮಾಚಾರ, ಎಲ್ಲರ ಆರೋಗ್ಯ, ಸೀತಾಲಕ್ಷ್ಮಿಯ ಪರೀಕ್ಷೆ, ಇವೆಲ್ಲ ನಮ್ಮ ಮನೆಯವರು ನಿನಗೆ ಬರೆಯುತ್ತಿರುವ ಕಾಗದದಲ್ಲಿ ಇರುತ್ತವೆ. ಅದು ಇಂಗ್ಲಿಷಿನಲ್ಲಿ ಇರುತ್ತದೆ, ಅವರ ಆಫೀಸಿನ ಫೈಲಿನಷ್ಟೇ ಅಚ್ಚುಕಟ್ಟಾಗಿಯೂ ಇರುತ್ತದೆ. ಇದು ಬೇರೆ ಕಾಗದ. ಅವರು ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ನಡುಮನೆಯಲ್ಲಿ ಕೂತು, ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ನಮ್ಮ ಅತ್ತೆ ನಿನಗೆ ಅಕ್ಷರ ಕಲಿಸುವಾಗ ಹೇಳಿಕೊಟ್ಟ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದು. ಎರಡೂ ಕಾಗದ ಒಟ್ಟಿಗೇ ತಲುಪಿದರೆ ಮೊದಲು ಇದನ್ನು ಓದು. ಎರಡರಲ್ಲಿ ಬೇರೆ ಬೇರೆ ಮಾತಿದ್ದರೆ ಇದರ ಮಾತು ಕೇಳು.

ನಿನ್ನ ಕಾಗದ ಸೋಮವಾರ ಬಂತು. ಕನ್ನಡದಲ್ಲಿ ಬರೆದಿದ್ದೀಯ ಎಂದು ನೋಡಿಯೇ ನನಗೆ ಅರ್ಧ ಹೊಟ್ಟೆ ತುಂಬಿತು. ಸಂಜೆ ಮನೆಯವರು ವರಾಂಡದಲ್ಲಿ ಕೂತು ಗಟ್ಟಿಯಾಗಿ ಓದಿದರು. ಎರಡು ವರ್ಷದ ಹಿಂದೆ ನಿಮ್ಮ ದೇಶದಲ್ಲಿ ಪಾರ್ಲಿಮೆಂಟಿಗೆ ಚುನಾವಣೆ ಆದಾಗ ನೀನು ಯಾಕೆ ಮೆಂಬರಾಗಲಿಲ್ಲ ಎಂದು ನಾವು ಎಷ್ಟು ಸಲ ಕೇಳಿದ್ದೆವು. ಪ್ರತಿ ಸಲವೂ 'ಆಗಲಿಲ್ಲ' ಎಂದು ಒಂದೇ ಮಾತು ಬರೆದು ಮುಗಿಸಿಬಿಡುತ್ತಿದ್ದೆ. ಈ ಸಲ, ನಾವು ನಗಲಿ ಎಂದು, ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀಯ.

ನಿಮ್ಮ ಕಡೆ ಚುನಾವಣೆ ನಮ್ಮ ಹಾಗಲ್ಲ ಎಂದು ನೀನು ಇಲ್ಲಿದ್ದಾಗಲೇ ಹೇಳಿದ್ದೆ. ಇಡೀ ದೇಶವೇ ಪೆಸಿಫಿಕ್ ಸಮುದ್ರದಲ್ಲಿ ಒಂದು ಹಿಡಿ ದ್ವೀಪ, ಪಾರ್ಲಿಮೆಂಟಿಗೆ ಇಪ್ಪತ್ತೊಂದು ಜನ. ಆಗ ಮನೆಯವರು, 'ನಮ್ಮ ಜಯನಗರದ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಜನ ನಿಂತಿರ್ತಾರಲ್ಲೋ' ಎಂದು ನಿನ್ನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದರು. ಓಟು ಇರುವುದು ಮನೆತನದ ಹಿರಿಯರಿಗೆ ಮಾತ್ರ. ಒಂದೊಂದು ಊರಿನ ಹಿರಿಯರೂ ಸೇರಿ ಯಾರು ಹೋಗಬೇಕೆಂದು ಮಾತಾಡಿಕೊಳ್ಳುತ್ತಾರೆ, ಅವನ ಎದುರು ಬೇರೆ ಯಾರೂ ನಿಲ್ಲುವುದಿಲ್ಲ. ಕೇಳಿದಾಗ ಹೂಂ ಅಂದರೆ ಮುಗಿಯಿತು, ಅವನೇ ಮೆಂಬರು.

ಆವತ್ತು ಗೋಡೆಯಿಲ್ಲದ ಆ ದೊಡ್ಡ ಚಾವಡಿಯಲ್ಲಿ ಹಿರಿಯರೆಲ್ಲ ಕಂಬಗಳಿಗೆ ಒರಗಿ ಕೂತಿದ್ದರು. ಊರಿನಲ್ಲಿ ಓದಿ ಬಂದವನು ನೀನೊಬ್ಬನೇ. ಎಲ್ಲರ ಕಣ್ಣೂ ನಿನ್ನ ಮೇಲೇ ಇತ್ತು. ಎಲ್ಲರಿಗಿಂತ ಹಿರಿಯ ಅಜ್ಜ ನಿನ್ನನ್ನು ನೋಡಿ 'ಹೋಗುತ್ತೀಯಾ?' ಎಂದು ಕೇಳಿದರು. ನೀನು ತಲೆ ತಗ್ಗಿಸಿ, 'ನಾನು ಬೇಡ, ನನಗಿಂತ ದೊಡ್ಡವರಿದ್ದಾರೆ' ಎಂದೆ. ಅಜ್ಜನಿಗೆ ಆಶ್ಚರ್ಯವಾಗಿ ಇನ್ನೊಂದು ಸಲ ಕೇಳಿದರು. ನೀನು ಇನ್ನೊಂದು ಸಲ ಬೇಡ ಎಂದೆ. ಆಮೇಲೆ ಮೂರನೆಯ ಸಲ ಕೇಳುತ್ತಾರೆ, ಆಗ ಒಪ್ಪಿಕೊಳ್ಳೋಣ ಎಂದು ಕಾಯುತ್ತಾ ಕೂತೆ. ನಿಮ್ಮೂರಿನಲ್ಲಿ ಮೂರನೆಯ ಸಲ ಎಂಬುದೇ ಇಲ್ಲ. ಎರಡನೆಯ ಸಲ ಕೇಳಿದ್ದೇ ಹೆಚ್ಚು. ಅಜ್ಜ ಪಕ್ಕಕ್ಕೆ ತಿರುಗಿ ನಿನ್ನ ಸೋದರಮಾವನನ್ನು ಕೇಳಿದರು. ಬಲೆಯ ಹರಕು ಹೊಲಿಯುತ್ತಾ ಕೂತಿದ್ದ ಅವನು ತಲೆ ಕೂಡ ಎತ್ತದೆ ಹೂಂ ಎಂದ. ಅಲ್ಲಿಗೆ ಸಭೆ ಮುಗಿಯಿತು.

'ಅಮ್ಮ, ನೀವು ಕಲಿಸಿದ ಪಾಠ ನಾನು ಮರೆತಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ' ಎಂದು ಬರೆದಿದ್ದೀಯ. ಮನೆಯವರು ಅದನ್ನು ಓದಿ ನಕ್ಕು ನಕ್ಕು ಕೆಮ್ಮು ಬಂದು, ನಾನು ನೀರು ತಂದುಕೊಡಬೇಕಾಯಿತು. ಸೀತಾಲಕ್ಷ್ಮಿಯೂ ನಕ್ಕಳು. ನಾನು ನೀರಿನ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನಗೆ ನಗು ಬರಲಿಲ್ಲ, ಇಸಾಯ. ಅಳು ಬಂತು. ಅಡುಗೆಮನೆಗೆ ಹೋಗಿ ಒಲೆ ಹೊಗೆಯಾಡುತ್ತಿದೆ ಎಂದು ಸುಳ್ಳು ಹೇಳಿದೆ. ನಾವು ಸೀಮೆಎಣ್ಣೆ ಸ್ಟೌ ತಂದು ವರ್ಷವಾಯಿತು ಎಂಬುದು ಆ ಮಹಾರಾಯರಿಗೆ ಹೊಳೆಯಲೂ ಇಲ್ಲ.

ಕಾಗದದ ಕೊನೆಯಲ್ಲಿ ಎರಡು ವಿಷಯ ಬರೆದಿದ್ದೀಯ. ನಿನ್ನ ಸೋದರಮಾವನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆ, ಜಾಗ ಖಾಲಿಯಾಗಿದೆ, ಮೇ ತಿಂಗಳ ಮೊದಲ ಶನಿವಾರ ಹಿರಿಯರು ಮತ್ತೆ ಸೇರುತ್ತಾರೆ, ಮತ್ತೆ ನಿನ್ನನ್ನು ಕೇಳಿದರೂ ಕೇಳಬಹುದು. ಇನ್ನೊಂದು, ಇಲ್ಲಿನ ನಿನ್ನ ಸರ್ವೆ ಸ್ಕೂಲಿನವರು ದೊಡ್ಡ ಕೋರ್ಸಿಗೆ ನಿನ್ನನ್ನು ಮತ್ತೆ ಕರೆದಿದ್ದಾರೆ, ಜೂನ್ ತಿಂಗಳಿಗೆ ಬೆಂಗಳೂರಿಗೆ ಬರಬಹುದು, ಎರಡು ವರ್ಷ ನಮ್ಮ ಹೊರಗಿನ ರೂಮಿನಲ್ಲೇ ಇರಬಹುದು. ಎರಡೂ ಆಗುವುದಿಲ್ಲ, ಒಂದೇ ಆಗುವುದು. 'ಅಮ್ಮ, ನಾನು ಬರಲೇ? ನೀವು ಹೇಳಿದ ಹಾಗೆ ಮಾಡುತ್ತೇನೆ' ಎಂದು ಮುಗಿಸಿದ್ದೀಯ. ಎಂಥ ಕೆಲಸ ಹಚ್ಚಿದೆಯಪ್ಪ ನನಗೆ.

ಮನೆಯವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹೊರಗಿನ ರೂಮಿನಲ್ಲಿದ್ದ ಹಳೆಯ ಪೇಪರು ಕಟ್ಟು ಮಾಡಿ ಮಾರಿದ್ದಾಗಿದೆ. ಮಂಚದ ನವಾರು ಬಿಗಿಸಿದ್ದಾಗಿದೆ. ನಾನೂ ಸಾಧುವಲ್ಲ, ಮಂಗಳವಾರ ಗಾಂಧಿ ಬಜಾರಿಗೆ ಹೋಗಿ ಮಿಡಿಮಾವಿನಕಾಯಿ ಎಂದಿಗಿಂತ ಜಾಸ್ತಿ ತಂದಿದ್ದೇನೆ. ಯಾರಿಗೆ ಇಷ್ಟೊಂದು ಎಂದು ಸೀತಾಲಕ್ಷ್ಮಿ ಕೇಳಿದಾಗ ಉಪ್ಪಿನ ಜಾಡಿ ತರುವುದಕ್ಕೆ ಒಳಗೆ ಹೋದೆ. ಆದರೆ ನಾಲ್ಕು ದಿನದಿಂದ ನನಗೆ ಒಂದು ವಿಷಯ ತಿಂದ ಅನ್ನ ಇಳಿಯದ ಹಾಗೆ ಮಾಡಿದೆ. ಅದನ್ನು ಹೇಳದೆ ನಿನಗೆ ಬಾ ಅನ್ನಲೂ ಆಗುವುದಿಲ್ಲ, ಬರಬೇಡ ಅನ್ನಲೂ ಆಗುವುದಿಲ್ಲ. ಅದಕ್ಕೇ ಈ ಕಾಗದ.

ನೀನು ಮೊದಲು ಬಂದದ್ದು ನೆನಪಿದೆಯೇ? ಅರವತ್ತನಾಲ್ಕನೇ ಇಸವಿಯ ಜುಲೈ. ಮನೆಯವರ ಆಫೀಸಿನ ಯಾರೋ ದೊಡ್ಡವರು, 'ಬದರಿನಾಥ್, ನಿಮ್ಮ ಹೊರಗಿನ ರೂಮು ಖಾಲಿ ಇದೆಯಲ್ಲ, ಹುಡುಗ ತುಂಬ ಒಳ್ಳೆಯವನು' ಎಂದರಂತೆ. ಇವರು ದೊಡ್ಡವರಿಗೆ ಇಲ್ಲ ಎನ್ನುವ ಪೈಕಿಯೇ ಅಲ್ಲ. ಅತ್ತೆಯವರು ಮೂರು ದಿನ ಮಾತು ಬಿಟ್ಟರು. ಸಮುದ್ರದ ಆಚೆಯವನು, ಏನೇನು ತಿನ್ನುತ್ತಾನೋ, ನಡುಮನೆಗೆ ಕಾಲಿಡಕೂಡದು ಎಂದರು. ನೀನು ಬಾಗಿಲಿಗಿಂತ ಎತ್ತರವಿದ್ದೆ. ಒಳಗೆ ಬರುವಾಗ ತಲೆ ಹೊಡೆಸಿಕೊಂಡು, ನೋವಾದದ್ದು ಬಾಗಿಲಿಗೇ ಎಂಬಂತೆ ಅದನ್ನು ಕೈಯಿಂದ ಸವರಿದೆ. ಅತ್ತೆಗೆ ನಗು ಬಂದುಬಿಟ್ಟಿತು. ಒಂದು ತಿಂಗಳೊಳಗೆ ಅವರೇ ನಿನ್ನನ್ನು ನಡುಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಸ್ಲೇಟಿನ ಮೇಲೆ ಅ ಆ ಬರೆಸುತ್ತಿದ್ದರು. ಅತ್ತೆ ತೀರಿಹೋಗುವ ಮುಂಚಿನ ದಿನವೂ, 'ಆ ಲಂಬೂ ಹುಡುಗನಿಂದ ಕಾಗದ ಬಂತಾ' ಎಂದು ಕೇಳಿದ್ದರು.

ಮೊದಮೊದಲು ನೀನು ಊಟಕ್ಕೆ ಕೂತರೆ ನೋಡುವುದಕ್ಕೇ ಚೆನ್ನಾಗಿರುತ್ತಿತ್ತು. ಅನ್ನ ಬೇಕಾ ಎಂದರೆ ಹೂಂ. ಇನ್ನೂ ಬೇಕಾ ಎಂದರೆ ಹೂಂ. ಹುಳಿ? ಹೂಂ. ಕೇಳುವುದಕ್ಕೆ ಮುಂಚೆಯೇ ತಟ್ಟೆ ಮುಂದಕ್ಕೆ ಸರಿಯುತ್ತಿತ್ತು. ನಾನು ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ತವರಿನಲ್ಲಿ ಒಂದು ಲೋಟ ಕಾಫಿಗೆ ಹೂಂ ಅನ್ನಬೇಕಾದರೂ 'ಅಯ್ಯೋ ಈಗ ತಾನೇ ಆಯ್ತು, ಪರವಾಗಿಲ್ಲ, ನೀವು ಸುಮ್ಮನೆ ತೊಂದರೆ ತಗೋತೀರಿ' ಎಂದು ಕಾಲು ಗಂಟೆ ನಡೆಯಬೇಕು. ಅಂಥವಳಿಗೆ ನಿನ್ನ ಹೂಂ ಎಷ್ಟು ಹಿತವಾಗಿತ್ತು ಎಂದು ನಿನಗೆ ಯಾವತ್ತೂ ಹೇಳಿಲ್ಲ. ನನ್ನ ಅಡುಗೆಯನ್ನು ಅಷ್ಟು ಸಂಕೋಚವಿಲ್ಲದೆ ಇಷ್ಟಪಟ್ಟವರು ಇನ್ನೊಬ್ಬರಿಲ್ಲ. ಗಂಡ ಮೂವತ್ತು ವರ್ಷದಿಂದ ಉಣ್ಣುತ್ತಿದ್ದಾರೆ, ಸಾರಿಗೆ ಉಪ್ಪು ಹಾಕಿಲ್ಲದಿದ್ದರೆ ಮಾತ್ರ ಅವರ ಬಾಯಿ ತೆರೆಯುವುದು.

ಪುಟ್ಟೇನಹಳ್ಳಿಯವರಿಗೂ ನೀನು ಹಿಡಿಸಿದ್ದು ಅದಕ್ಕೇ. ನಿನ್ನ ಸ್ಕೂಲಿನವರು ಆ ಕೆರೆ ಏರಿಯ ಮೇಲೆ ನಿಮ್ಮನ್ನೆಲ್ಲ ಸರಪಳಿ ಹಿಡಿಸಿ ಅಳೆಯುವುದಕ್ಕೆ ಬಿಟ್ಟಿದ್ದರಲ್ಲ, ನಮಗೆ ಹಾಲು ಹಾಕುವ ಗೌರಮ್ಮನ ಗಂಡ ಬೋರಣ್ಣ ದೊಣ್ಣೆ ಹಿಡಿದುಕೊಂಡು ಓಡಿ ಬಂದಿದ್ದ. ಬಡಾವಣೆ ಮಾಡುವುದಕ್ಕೆ ಸರ್ಕಾರ ಅವನ ಹೊಲ ಅಳೆಸುತ್ತಿದೆ ಎಂದುಕೊಂಡುಬಿಟ್ಟಿದ್ದ ಪಾಪ. ನೀನು ನಿನ್ನ ಆ ಕನ್ನಡದಲ್ಲಿ, 'ನಾನು ಹೊಲ ತಗೊಳಲ್ಲ, ನನ್ನ ಊರಲ್ಲಿ ದೋಣಿ ನಿಲ್ಲಕ್ಕೆ ಕಲ್ಲು ಕಟ್ಟೆ ಕಟ್ಟಬೇಕು, ಅದಕ್ಕೆ ಕಲೀತಾ ಇದೀನಿ' ಎಂದೆಯಂತೆ. ನಿಮ್ಮೂರಿನಲ್ಲಿ ಕಟ್ಟೆ ಇಲ್ಲದೆ ದೋಣಿ ದೂರದಲ್ಲೇ ನಿಲ್ಲುತ್ತದೆ, ರೋಗಿಗಳನ್ನು ಬೆನ್ನ ಮೇಲೆ ಹೊತ್ತು ಎದೆಯುದ್ದ ನೀರಿನಲ್ಲಿ ನಡೆಯಬೇಕು, ನಿನ್ನ ಅಕ್ಕ ಹೆರಿಗೆಯ ನೋವಿನಲ್ಲಿ ಹಾಗೆ ಹೋಗುವಾಗಲೇ ತೀರಿಕೊಂಡಳು ಎಂದು ಅವನಿಗೆ ಹೇಳಿದ್ದೆ. ನಮಗೆ ಹೇಳುವುದಕ್ಕೂ ಮುಂಚೆ ಅವನಿಗೆ ಹೇಳಿದ್ದೆ. ಬೋರಣ್ಣ ದೊಣ್ಣೆ ಎಸೆದು ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಇಡಿಸಿದ. ನಾಲ್ಕು ಮುದ್ದೆ ಉಂಡೆಯಂತೆ. ಗೌರಮ್ಮ ಒಂದು ವಾರ ಹಾಲಿನ ಜೊತೆ ಅದೇ ಸುದ್ದಿ ಹಂಚಿದಳು.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಅರವತ್ತೈದರಲ್ಲಿ ಮಳೆ ಕೈಕೊಟ್ಟಿತು. ಅಕ್ಕಿ ಅಂಗಡಿಯಲ್ಲಿ ಸಿಗದ ಹಾಗಾಯಿತು, ರೇಷನ್ ಕಾರ್ಡಿಗೆ ಬಂದದ್ದೇ ಗತಿ. ಸೋಮವಾರ ರಾತ್ರಿ ಎಲ್ಲರೂ ಊಟ ಬಿಡಿ ಎಂದು ರೇಡಿಯೋದಲ್ಲಿ ಕೇಳಿಕೊಂಡಿದ್ದರು, ನಾವೂ ಬಿಡುತ್ತಿದ್ದೆವು, ನೀನೂ ಬಿಡುತ್ತಿದ್ದೆ. ನಮ್ಮ ಕಾರ್ಡಿನಲ್ಲಿ ನಾಲ್ಕು ಹೆಸರಿದ್ದವು. ಮನೆಯಲ್ಲಿ ಐದು ಜನ. ನಿನ್ನ ಹೆಸರು ಸೇರಿಸಿಕೊಂಡು ಬನ್ನಿ ಎಂದು ನಾನು ಮನೆಯವರನ್ನು ಕಳಿಸಿದೆ. ಅಲ್ಲಿ ಕೂತಿದ್ದವರು ಮರ್ಯಾದೆಯಿಂದಲೇ, 'ಇನ್ನೊಂದು ಹೆಸರು ಸೇರಿಸಬೇಕಾ ಸಾರ್?' ಎಂದು ಕೇಳಿದರಂತೆ. ಹಿಂದೆ ದೊಡ್ಡ ಸಾಲಿತ್ತಂತೆ, ಇವರಿಗೆ ಸಂಕೋಚವಾಯಿತಂತೆ. 'ಪರವಾಗಿಲ್ಲ ಬಿಡಿ' ಎಂದು ಎದ್ದು ಬಂದರು. ಇನ್ನೊಂದು ಸಲ ಕೇಳುತ್ತಾರೆ ಎಂದುಕೊಂಡಿದ್ದರಂತೆ. ಅವರು ಯಾಕೆ ಕೇಳುತ್ತಾರೆ? ಬಂದು ನನ್ನ ಹತ್ತಿರ, 'ಆಗಲಿ ಬಿಡೆ, ನೀನು ಹೇಗೋ ಸರಿತೂಗಿಸ್ತೀಯ' ಎಂದರು. ಮತ್ತೆ ಹೋಗಿ ಎಂದು ನಾನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಗುತ್ತಿತ್ತು.

ನಾನು ಹೇಗೆ ಸರಿತೂಗಿಸಿದೆ ಎಂದರೆ, ಒಂದು ಭಾನುವಾರ ಮಧ್ಯಾಹ್ನ ನಿನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಹೇಳಿದೆ. 'ನೋಡಪ್ಪ ಇಸಾಯ, ನಮ್ಮ ಕಡೆ ಮರ್ಯಾದಸ್ಥರು ಕೇಳಿದ ತಕ್ಷಣ ಹೂಂ ಅನ್ನಬಾರದು. ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ ಬಲವಂತ ಮಾಡಿದರೆ ಆಗ ಒಪ್ಪಿಕೋಬೇಕು.' ನಿನ್ನ ಮುಖ ಕೆಂಪಾಯಿತು. ಇಷ್ಟು ದಿನ ನಾನು ಮರ್ಯಾದೆ ಇಲ್ಲದವನ ಹಾಗೆ ಇದ್ದೆನಾ ಅಮ್ಮ, ಎಂದು ಕೇಳಿದೆ. ಇಲ್ಲಪ್ಪ, ಗೊತ್ತಿರಲಿಲ್ಲ ಅಷ್ಟೇ ಎಂದೆ. ಇಲ್ಲ ಕಣೋ, ಅನ್ನವೇ ಇಲ್ಲ ಎಂದು ಹೇಳಬೇಕಾಗಿತ್ತು. ಸಮುದ್ರ ದಾಟಿ ಬಂದು ನಮ್ಮ ಮನೆಯಲ್ಲಿ ಉಣ್ಣುವ ಹುಡುಗನಿಗೆ ಅಕ್ಕಿ ಸಾಲುತ್ತಿಲ್ಲ ಎಂದು ಹೇಳುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಬಡತನಕ್ಕೆ ಮರ್ಯಾದೆ ಎಂದು ಹೆಸರು ಕೊಟ್ಟು ನಿನ್ನ ತಲೆಗೆ ಕಟ್ಟಿದೆ.

ನಾನು ಹೇಳಿದ್ದು ಸುಳ್ಳು ಪದ್ಧತಿಯಲ್ಲ, ಇಸಾಯ. ಅದು ನಮ್ಮಲ್ಲಿ ಇರುವುದೇ. ಆದರೆ ಅದಕ್ಕೆ ಎರಡು ಭಾಗ ಇದೆ. ಬೇಡ ಎನ್ನುವುದು ಉಣ್ಣುವವನ ಭಾಗ, ಬಿಡದೆ ಬಡಿಸುವುದು ಬಡಿಸುವವಳ ಭಾಗ. ನಿನ್ನ ಭಾಗವನ್ನು ನಿನಗೆ ಚೆನ್ನಾಗಿ ಕಲಿಸಿದೆ. ಮಾರನೆಯ ದಿನ ನೀನು ಊಟಕ್ಕೆ ಕೂತೆ. ಸೀತಾಲಕ್ಷ್ಮಿಗೆ, ಅತ್ತೆಗೆ, ಮನೆಯವರಿಗೆ ಬಡಿಸಿ ನಿನ್ನ ಹತ್ತಿರ ಬಂದೆ. ಒಂದು ಸಲ ಬಡಿಸಿದ್ದು ಖಾಲಿಯಾಗಿತ್ತು. ಇನ್ನೊಂದು ಸ್ವಲ್ಪ ಎಂದೆ ನಾನು. ಬೇಡ ಅಮ್ಮ ಎಂದೆ. ಸ್ವಲ್ಪ ಎಂದೆ. ಬೇಡ ಅಮ್ಮ ಎಂದೆ. ಪಾಠ ಒಪ್ಪಿಸಿದ ಮಗುವಿನ ಹಾಗೆ ಮುಖವೆತ್ತಿ ನನ್ನ ಕೈಯಲ್ಲಿದ್ದ ಸೌಟನ್ನು ನೋಡಿ ನಕ್ಕೆ. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ನಾನು ಮೂರನೆಯ ಸಲ ಕೇಳಲಿಲ್ಲ.

ಆ ಪಾತ್ರೆಯಲ್ಲಿ ಒಬ್ಬರಿಗೆ ಆಗುವಷ್ಟು ಅನ್ನ ಇತ್ತು. ಅದು ನನಗೆ. ಒಳಗೆ ಬಾಗಿಲ ಮರೆಯಲ್ಲಿ ಕೂತು ಅದನ್ನು ಉಂಡೆ. ನನಗೂ ಹಸಿವಾಗುತ್ತಿತ್ತು. ಬೇರೆ ಹೆಂಗಸರ ಹಾಗೆ ನಾನು ಉಪವಾಸವಿದ್ದು ನಿನಗೆ ಹಾಕಿದೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಎಷ್ಟೋ ದಿನ ಹಾಗೂ ಮಾಡಿದ್ದೇನೆ. ಆದರೆ ಆವತ್ತು ಮಾಡಲಿಲ್ಲ, ಆಮೇಲೂ ಬಹಳ ದಿನ ಮಾಡಲಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೀನು ನನ್ನ ಮನೆಯಲ್ಲಿ ಎರಡು ಸಲ ಬೇಡ ಅಂದು, ಮೂರನೆಯ ಸಲಕ್ಕೆ ಕಾದು, ಕೈ ತೊಳೆಯಲು ಎದ್ದು ಹೋದೆ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅಂಗಿ ನಿನ್ನ ಹೆಗಲ ಮೇಲೆ ಸಡಿಲವಾಗುತ್ತಾ ಬಂದದ್ದನ್ನು ನಾನು ದಿನಾ ಕಂಡಿದ್ದೇನೆ. ಕಂಡೂ ಸುಮ್ಮನಿದ್ದೆ.

ಗೌರಮ್ಮ ನನಗೆ ಎಚ್ಚರಿಕೆ ಕೊಟ್ಟಿದ್ದಳು. ನೀನು ಮತ್ತೆ ಪುಟ್ಟೇನಹಳ್ಳಿಗೆ ಹೋಗಿ ಅವರ ಮನೆಯಲ್ಲೂ ಎರಡು ಸಲ ಬೇಡ ಎಂದೆಯಂತೆ. ಹೊಲದಲ್ಲಿ ಗೇಯುವ ಜನ, ಬೇಡ ಅಂದರೆ ಬೇಡ ಎಂದು ತಿಳಿದು ಬಿಟ್ಟುಬಿಟ್ಟರು. ಮಾರನೆಯ ದಿನ ಹಾಲು ಅಳೆಯುತ್ತಾ ಕೇಳಿದಳು: 'ಏನವ್ವಾ, ಆ ಹುಡ್ಗನ ಬಾಯ್ಗೆ ಏನು ಬೀಗ ಹಾಕ್ಬಿಟ್ರಿ? ಕಣ್ಣು ಮುದ್ದೆ ಮ್ಯಾಲೈತೆ, ಬಾಯಿ ಬ್ಯಾಡ ಅಂತೈತೆ. ಅವ್ನು ಹಿಂಗಿರ್ಲಿಲ್ಲ.' ಅದು ನಮ್ಮ ಪದ್ಧತಿ ಗೌರಮ್ಮ, ನಿಮಗೆ ಗೊತ್ತಾಗುವುದಿಲ್ಲ ಎಂದು ದೊಡ್ಡವಳ ಹಾಗೆ ಮಾತಾಡಿ ಒಳಗೆ ಬಂದೆ. ಅವಳಿಗೇ ಚೆನ್ನಾಗಿ ಗೊತ್ತಾಗಿತ್ತು. ಆ ಸಂಜೆ ಅವಳು ಒಂದು ಮೊರ ರಾಗಿ ತಂದು ಹಿತ್ತಲ ಬಾಗಿಲಲ್ಲಿ ಇಟ್ಟಳು. ನಾನು ಎರಡು ಸಲ ಬೇಡ ಎಂದೆ. ಅವಳು ಇಟ್ಟದ್ದನ್ನು ಎತ್ತಿಕೊಂಡು ಹೋದಳು. ಹೋಗಲಿ ಬಿಡು, ನನಗೆ ಆಗಬೇಕಾದದ್ದೇ.

ಅರವತ್ತಾರರ ದಸರೆ ಕಳೆದು ನೀನು ಹೊರಡುವ ದಿನ, ಎಲ್ಲಿಂದಲೋ ಒಳ್ಳೆಯ ಅಕ್ಕಿ ತರಿಸಿದ್ದೆ. ಚಿತ್ರಾನ್ನ, ಹುಳಿ, ಪಾಯಸ ಮಾಡಿದ್ದೆ. ಆವತ್ತು ಮೂರನೆಯ ಸಲ ಕೇಳಿದೆ, ನಾಲ್ಕನೆಯ ಸಲವೂ ಕೇಳಿದೆ. ನೀನು ಸ್ವಲ್ಪವೇ ಉಂಡು, 'ಸಾಕು ಅಮ್ಮ, ನಿಜವಾಗ್ಲೂ ಸಾಕು' ಎಂದೆ. ಉಪಚಾರಕ್ಕೆ ಹೇಳುತ್ತಿದ್ದೀಯೋ ನಿಜವಾಗಿ ಹೇಳುತ್ತಿದ್ದೀಯೋ ನನಗೆ ತಿಳಿಯಲಿಲ್ಲ. ನಿನಗೂ ತಿಳಿಯಿತೋ ಇಲ್ಲವೋ. ಅದು ನಿನಗೆ ಅಭ್ಯಾಸವಾಗಿಹೋಗಿತ್ತು. ಇಲ್ಲಿ ಹೊಟ್ಟೆಗೆ ಆದ ಅಭ್ಯಾಸ ಅಲ್ಲಿ ಚಾವಡಿಯಲ್ಲಿ ಕೂತಾಗ ನಾಲಿಗೆಗೆ ಬಂತು.

ನೀನು ಹೋದ ನಾಲ್ಕೇ ತಿಂಗಳಿಗೆ ಇಲ್ಲೂ ಚುನಾವಣೆ ಬಂತು, ನಿಮ್ಮದು ನಡೆದ ಹೊತ್ತಿನಲ್ಲೇ. ನಮ್ಮ ರಸ್ತೆಯಲ್ಲಿ ದಿನಕ್ಕೊಬ್ಬರು ಕೈ ಮುಗಿದುಕೊಂಡು ಬರುತ್ತಿದ್ದರು. ಎಲ್ಲರದೂ ಒಂದೇ ಮಾತು: ನನಗೇನೂ ಆಸೆ ಇರಲಿಲ್ಲ ತಾಯಿ, ಜನ ಬಲವಂತ ಮಾಡಿದ್ದಕ್ಕೆ ನಿಂತಿದ್ದೇನೆ. ಬಲವಂತ ಮಾಡಿದ ಆ ಜನ ಯಾರು ಎಂದು ನನಗೆ ಯಾವತ್ತೂ ಪತ್ತೆಯಾಗಿಲ್ಲ. ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವಾಗ ನಿನ್ನನ್ನೇ ನೆನೆಸಿಕೊಂಡೆ. ನಮ್ಮ ಇಸಾಯ ಈಗ ಮೆಂಬರಾಗಿರುತ್ತಾನೆ, ಕಟ್ಟೆ ಕಟ್ಟಿಸುತ್ತಾನೆ ಎಂದು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ನೀನು ಅದೇ ದಿನಗಳಲ್ಲಿ ಮೂರನೆಯ ಸಲಕ್ಕೆ ಕಾಯುತ್ತಾ ಕೂತಿದ್ದೆ.

ಎರಡು ವರ್ಷದಿಂದ ನಿನ್ನ ಮಾವ ಪಾರ್ಲಿಮೆಂಟಿನಲ್ಲಿ ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀಯ. ಕಟ್ಟೆಯ ಮಾತು ಒಂದು ಸಲವೂ ಬರಲಿಲ್ಲ. ಹೋದ ಮಳೆಗಾಲದಲ್ಲಿ ಇಬ್ಬರು ನೀರಿನಲ್ಲಿ ಹೋದರು ಎಂದು ಒಂದೇ ಸಾಲಿನಲ್ಲಿ ಬರೆದು, ಮುಂದಿನ ಸಾಲಿನಲ್ಲಿ ಸೀತಾಲಕ್ಷ್ಮಿಗೆ ಕಪ್ಪೆಚಿಪ್ಪು ಕಳಿಸುತ್ತೇನೆ ಎಂದಿದ್ದೀಯ. ಮನೆಯವರು ಅಷ್ಟರಲ್ಲಿ ನಗುವುದರಲ್ಲಿದ್ದರು, ಆ ಸಾಲು ಅವರ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು. ಆ ಇಬ್ಬರಲ್ಲಿ ಒಬ್ಬಳು ಬಸುರಿಯೋ ಏನೋ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಹೇಳಬೇಡ. ತಿಳಿದುಕೊಂಡು ನಾನು ಏನು ಮಾಡಲಿ.

ಇದೆಲ್ಲ ನಿಮ್ಮಿಂದಲೇ ಆಯಿತು ಅಮ್ಮ ಎಂದು ನೀನು ನನ್ನ ಮೇಲೆ ಹಾಕುವವನಲ್ಲ. ಅದಕ್ಕೇ ನಾನೇ ಹಾಕಿಕೊಳ್ಳುತ್ತಿದ್ದೇನೆ. ಕೋಪ ಬಂದರೆ ಕೋಪ ಮಾಡಿಕೋ, ಎರಡು ಮಾತು ಬೈದು ಕಾಗದ ಬರಿ. ಅದನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಡ, ಮನೆಯವರು ಓದಿ ಹೇಳಬೇಕಾಗುತ್ತದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು ಎಂದೇ ಅವರು ತಿಳಿದಿದ್ದಾರೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಆ ಅಜ್ಜ ನಿನ್ನನ್ನು ಕೇಳಿದರೆ, ಮೊದಲ ಸಲಕ್ಕೇ ಹೂಂ ಅನ್ನು. ಮಾತು ಮುಗಿಯುವುದಕ್ಕೂ ಕಾಯಬೇಡ. ನಾನು ಬಡಿಸಿದ ತಟ್ಟೆಯ ಮುಂದೆ ಮೊದಲ ತಿಂಗಳು ಹೇಗೆ ಅನ್ನುತ್ತಿದ್ದೆಯೋ ಹಾಗೆ ಅನ್ನು. ಅವರು ಕೇಳದಿದ್ದರೆ ನೀನೇ ಎದ್ದು ನಿಂತು, ನನಗೆ ಬೇಕು, ನಾನು ಹೋಗುತ್ತೇನೆ ಎಂದು ಹೇಳು. ಬೇಕು ಅನ್ನುವುದರಲ್ಲಿ ಮರ್ಯಾದೆಗೇಡು ಏನೂ ಇಲ್ಲ. ನಿನಗೆ ಇದೆ ಎಂದು ಹೇಳಿಕೊಟ್ಟವಳೇ ಇವತ್ತು ಇಲ್ಲ ಎಂದು ಹೇಳುತ್ತಿದ್ದೇನೆ. ನನ್ನ ಮೊದಲ ಮಾತನ್ನು ಇಷ್ಟು ವರ್ಷ ನಡೆಸಿದವನು ಈ ಎರಡನೆಯ ಮಾತನ್ನೂ ನಡೆಸು.

ಬೆಂಗಳೂರಿಗೆ ಬರಬೇಡ, ಇಸಾಯ.

ನೀನು ಇದನ್ನು ಓದಿ, ಅಮ್ಮ ಉಪಚಾರಕ್ಕೆ ಬೇಡ ಅನ್ನುತ್ತಿದ್ದಾರೆ, ಇನ್ನೊಂದು ಸಲ ಕೇಳೋಣ ಎಂದುಕೊಳ್ಳುತ್ತೀಯ ಎಂದು ನನಗೆ ಗೊತ್ತು. ನಾನೇ ಕಲಿಸಿದ್ದಲ್ಲವೇ. ಅದಕ್ಕೇ ನಮ್ಮ ಕಡೆ ಯಾರೂ ಹೇಳದ್ದನ್ನು ಬಾಯಿ ಬಿಟ್ಟು ಹೇಳುತ್ತೇನೆ. ನೀನು ಬರಬೇಕು ಎಂದು ನನಗೆ ತುಂಬ ಆಸೆ ಇದೆ. ಈ ಮನೆಯಲ್ಲಿ ಈಗ ಅಕ್ಕಿ ಇದೆ, ಅತ್ತೆಯ ಜಾಗ ಖಾಲಿ ಇದೆ, ಮಗಳು ಇನ್ನು ಮೂರು ನಾಲ್ಕು ವರ್ಷಕ್ಕೆ ಮದುವೆಯಾಗಿ ಹೋಗುತ್ತಾಳೆ. ಎರಡು ವರ್ಷ ನಿನಗೆ ದಿನಾ ಬಡಿಸಿದರೆ ನನ್ನ ಮನಸ್ಸು ಹಗುರವಾಗುತ್ತದೆ. ನನಗೆ ಐವತ್ತು ದಾಟಿತು. ನೀನು ಈಗ ಬರದಿದ್ದರೆ ನಾನು ನಿನ್ನನ್ನು ಇನ್ನು ನೋಡುತ್ತೇನೋ ಇಲ್ಲವೋ. ಇಷ್ಟೆಲ್ಲ ಬೇಕು ನನಗೆ. ಬೇಕು ಎಂದು ಹೇಳಿಯೇ ಬರಬೇಡ ಎನ್ನುತ್ತಿದ್ದೇನೆ. ಮತ್ತೆ ಕೇಳಿ ಕಾಗದ ಬರೆಯಬೇಡ. ಎರಡನೆಯ ಸಲ ಕೇಳಿದರೆ ನಾನು ಹೂಂ ಅಂದುಬಿಡುತ್ತೇನೆ.

ಮನೆಯವರ ಕಾಗದ ನಾಳೆ ಹೊರಡುತ್ತದೆ. ಇದನ್ನು ನಾನೇ ಇವತ್ತು ಪೋಸ್ಟಾಫೀಸಿಗೆ ಹೋಗಿ ತೂಕ ಹಾಕಿಸಿ ಸ್ಟಾಂಪು ಅಂಟಿಸಿ ಬರುತ್ತೇನೆ. ಮೂರು ವಾರಕ್ಕೆ ತಲುಪಬೇಕು.

ಹೊಟ್ಟೆ ತುಂಬ ಉಣ್ಣು, ಬಾಯಿ ತುಂಬ ಕೇಳು. ನೂರು ವರ್ಷ ಬಾಳು, ಮಗನೇ.

ನಿನ್ನ ಪಾಲಿನ ಅನ್ನ ಉಂಡ ಅಮ್ಮ,
ಚೂಡಾಮಣಿ